ಹೊಗೆಕೊಳವೆಯ ಎತ್ತರ

ನಮ್ಮ ಮನೆ ಇರುವುದು ಸುಬ್ರಹ್ಮಣ್ಯಪುರದಲ್ಲಿ, ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ. ಒಂದು ಕಡೆ ಉತ್ತರಹಳ್ಳಿ, ಇನ್ನೊಂದು ಕಡೆ ಚಿಕ್ಕಲ್ಲಸಂದ್ರ, ಆಚೆ ವಸಂತಪುರ, ಕೋಣನಕುಂಟೆ ಕ್ರಾಸ್. ನಾವು ಸೈಟು ಕೊಂಡು ಮನೆ ಕಟ್ಟಿಸಿದಾಗ ಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು, ಮಳೆ ಬಿದ್ದ ರಾತ್ರಿ ಕಪ್ಪೆಗಳ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನಮ್ಮ ಯಜಮಾನರು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ದುಡಿದವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಕೆಲಸ ಬಿಡುವ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಪರೀಕ್ಷೆ ಮಾಡಿದ ವೈದ್ಯರು ಸಿಒಪಿಡಿ ಎಂದರು. ಶ್ವಾಸನಾಳಗಳು ಕಿರಿದಾಗುತ್ತಾ ಹೋಗುವ ಕಾಯಿಲೆ. ವಾಸಿಯಾಗುವುದಿಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದು ಅಷ್ಟೆ. "ಹೊಗೆ, ಧೂಳು ಎರಡರಿಂದಲೂ ದೂರ ಇಡಿ ಅಮ್ಮ, ಅರ್ಧ ಔಷಧಿ ಅದೇ" ಅಂದರು.

ಆ ಮಾತು ಹೇಳಿಸಿಕೊಂಡು ಬಂದ ವರ್ಷವೇ ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಡ ಎದ್ದಿತು. ಕೆಳಗೆ ಅಂಗಡಿಗಳು, ಮೇಲೆ ಆಫೀಸು, ಅದರ ಮೇಲೆ ಜಿಮ್. ಜನರೇಟರ್ ತಂದಿಟ್ಟದ್ದು ಗಾಳಿ ಬೆಳಕಿಗೆಂದು ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ. ಅದರ ಸೈಲೆನ್ಸರ್ ಪೈಪು ನಮ್ಮ ಮಲಗುವ ಕೋಣೆಯ ಕಿಟಕಿಯ ಮಟ್ಟಕ್ಕೇ ನಿಂತಿತ್ತು. ನಡುವೆ ಒಂದು ಕಾಂಪೌಂಡ್ ಗೋಡೆ. ಕರೆಂಟ್ ಹೋಗಿ ಅರೆ ನಿಮಿಷಕ್ಕೆ ಅದು ಗುಡುಗುಟ್ಟುತ್ತಾ ಶುರುವಾಗುತ್ತಿತ್ತು. ಮೊದಲು ಬರುತ್ತಿದ್ದುದು ಕಪ್ಪು ಹೊಗೆ, ಆಮೇಲೆ ಕಣ್ಣಿಗೆ ಕಾಣದ, ಮೂಗಿಗೆ ಹೊಡೆಯುವ ಹೊಗೆ. ಡೀಸೆಲ್ ಎಂಜಿನ್ನಿನ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿತ್ತು. ಅದನ್ನು ನಾನು ಓದಿದ್ದು ಬಹಳ ತಡವಾಗಿ. ಆಗ ನನಗೆ ಗೊತ್ತಿದ್ದುದು ಇಷ್ಟೇ: ಜನರೇಟರ್ ಓಡಿದ ರಾತ್ರಿ ಇವರು ಮಲಗುತ್ತಿರಲಿಲ್ಲ, ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡುತ್ತಿದ್ದರು.

ಕಾಯಿಲೆ ಏರಿದಾಗ ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಆ ಯಂತ್ರ ಆಕ್ಸಿಜನ್ನನ್ನು ಎಲ್ಲಿಂದಲೋ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರೊಳಗಿನ ನೈಟ್ರೋಜನ್ ತೆಗೆದು, ಉಳಿದದ್ದನ್ನು ಮೂಗಿನ ನಳಿಕೆಗೆ ಕೊಡುತ್ತದೆ. ಕೋಣೆಯಲ್ಲಿ ಎಂಥ ಗಾಳಿ ಇದೆಯೋ ಅದನ್ನೇ ಅದು ಉಸಿರಾಡುವುದು. ಹಿಂಭಾಗದಲ್ಲಿ ಅಂಗೈಯಗಲದ ಒಂದು ಸ್ಪಂಜಿನ ಫಿಲ್ಟರ್ ಇರುತ್ತದೆ, ವಾರಕ್ಕೊಮ್ಮೆ ತೊಳೆಯಬೇಕು. ನಾನು ಸ್ಟೀಲ್ ಬೇಸಿನ್ನಿನಲ್ಲಿ ಬೆಚ್ಚಗಿನ ನೀರಿಗೆ ಹಾಕಿ ಹಿಂಡುತ್ತಿದ್ದೆ. ಧೂಳಾಗಿದ್ದರೆ ನೀರು ಕಂದು ಬಣ್ಣಕ್ಕೆ ತಿರುಗಬೇಕಿತ್ತು. ಆಗುತ್ತಿದ್ದುದು ಕಪ್ಪು. ಬೇಸಿನ್ನಿನ ಅಂಚಿಗೆ ಜಿಡ್ಡು ಹತ್ತಿ, ಸೋಪಿನಲ್ಲಿ ಉಜ್ಜಿದರೂ ಬೆರಳ ಸಂದಿಯಲ್ಲಿ ಮಸಿ ಉಳಿಯುತ್ತಿತ್ತು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅಕ್ಟೋಬರ್ ಹೊತ್ತಿಗೆ ವಿದ್ಯುತ್ ಸಾಲದಾಯಿತು, ಕರೆಂಟ್ ಹೋಗುವುದು ಹೆಚ್ಚಿತು. ಆ ತಿಂಗಳ ಒಂದು ರಾತ್ರಿಯನ್ನು ನಾನು ಬರೆಯಲೇಬೇಕು.

ಊಟ ಮುಗಿದಿತ್ತು. ಕರೆಂಟ್ ಹೋಯಿತು. ಕಾನ್ಸಂಟ್ರೇಟರ್ ಯುಪಿಎಸ್ ಮೇಲೆ ಓಡತೊಡಗಿತು. ಅದು ಸುಮಾರು 350 ವಾಟ್ ಎಳೆಯುವ ಯಂತ್ರ. ನಮ್ಮ 150 ಎಎಚ್ ಬ್ಯಾಟರಿ ಹೊಸದಾಗಿದ್ದಾಗ ಮೂರು ತಾಸು ಎಳೆಯುತ್ತಿತ್ತು, ಈಗ ಹಳೆಯದಾಗಿತ್ತು. ಫ್ಯಾನ್ ಆರಿಸಿದೆ, ದೀಪ ಆರಿಸಿದೆ, ಉಳಿದದ್ದೆಲ್ಲ ಯಂತ್ರಕ್ಕಿರಲಿ ಎಂದು. ಪಕ್ಕದಲ್ಲಿ ಜನರೇಟರ್ ಶುರುವಾಗಿ ಕಿಟಕಿಯ ಗಾಜು ಅದುರತೊಡಗಿತು. ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿದೆ. ಕಿಟಕಿ ಮುಚ್ಚಿದರೆ ಸೆಕೆ, ಸೆಕೆಯಾದರೆ ಇವರಿಗೆ ಉಸಿರು ಕಟ್ಟುತ್ತದೆ, ತೆರೆದರೆ ಹೊಗೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 90ರಿಂದ 86ಕ್ಕೆ, ಅಲ್ಲಿಂದ 82ಕ್ಕೆ ಇಳಿಯಿತು. ಮೊಬೈಲಿನ ಬೆಳಕಿನಲ್ಲಿ ತುಟಿ ನೀಲಿಗಟ್ಟಿದ್ದು ಕಂಡಿತು. ಇವರು ಮಾತಾಡಲಿಲ್ಲ, ನನ್ನ ಸೆರಗು ಹಿಡಿದುಕೊಂಡಿದ್ದರು. ಯುಪಿಎಸ್ ಕೂಗತೊಡಗಿದಾಗ ನಾನು ಬಾಗಿಲು ತೆಗೆದು ಬೀದಿಗೆ ಓಡಿ ಎದುರುಮನೆ ಬಾಗಿಲು ಬಡಿದೆ. ಆ ಮನೆಯ ಹುಡುಗಿ, ಎಂಜಿನಿಯರಿಂಗ್ ಓದುತ್ತಿದ್ದವಳು, ಆಟೋ ಹಿಡಿದು ತಂದಳು. ಇವರನ್ನು ಎತ್ತಿ ಕೂರಿಸಿ, ಆಸ್ಪತ್ರೆ ತಲುಪಿ, ಮುಖಕ್ಕೆ ಮಾಸ್ಕ್ ಹಾಕಿದ ಮೇಲೆ ನಾನು ಉಸಿರು ಬಿಟ್ಟೆ. ನಾವು ಮನೆಯಿಂದ ಹೊರಟಾಗ ಪಕ್ಕದ ಜಿಮ್ಮಿನಲ್ಲಿ ದೀಪಗಳೆಲ್ಲ ಉರಿಯುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ.

ಇವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಟ್ಟಡದ ಮಾಲೀಕರನ್ನು ಕಂಡೆ. "ಟೀಚರಮ್ಮ, ಬೀದಿಯಲ್ಲಿ ಇಷ್ಟು ಮನೆ ಇವೆ, ನಿಮಗೊಬ್ಬರಿಗೇನಾ ತೊಂದರೆ?" ಎಂದರು. ಸರಿ, ಕಚೇರಿಗೆ ಹೋದೆ. ಒಂದು ಕಚೇರಿಯವರು, ಮಾಲಿನ್ಯ ನಮ್ಮದಲ್ಲ, ಮಾಲಿನ್ಯ ಮಂಡಳಿಯವರದ್ದು ಅಂದರು. ಮಂಡಳಿಯವರು, ಕಟ್ಟಡ ನಿಯಮ ಉಲ್ಲಂಘನೆ ಅಂದರೆ ಪಾಲಿಕೆಯದ್ದು ಅಂದರು. ಇನ್ನೊಂದು ಕಡೆ, ಕರೆಂಟ್ ಸರಿಯಾಗಿ ಬಂದರೆ ಜನರೇಟರ್ ಯಾಕೆ ಓಡುತ್ತದೆ, ಕರೆಂಟ್ ಕೊಡುವವರನ್ನೇ ಕೇಳಿ ಎಂದರು. ಪ್ರತಿ ಕಡೆಯೂ ಟಪಾಲಿನಲ್ಲಿ ಸೀಲು ಹಾಕಿಕೊಟ್ಟರು. ಕೆಲವು ಕಡೆಯಿಂದ ಹಿಂಬರಹ ಬಂತು. ಅದರಲ್ಲಿ, ನಿಮ್ಮ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ವರ್ಗಾಯಿಸಲಾಗಿದೆ ಎಂದಿತ್ತು. ಆ ಸಂಬಂಧಪಟ್ಟವರನ್ನು ಹುಡುಕಿಕೊಂಡು ನಾನು ನಡೆದೆ. ಮನೆಯಲ್ಲಿ ಒಬ್ಬರು ಉಸಿರಿಗೆ ಒದ್ದಾಡುತ್ತಿರುವಾಗ ಇನ್ನೊಬ್ಬರು ಬೆಂಚಿನ ಮೇಲೆ ಕಾಯುತ್ತಾ ಕೂರುವುದಿದೆಯಲ್ಲ, ಅದರ ಸಂಕಟ ಅನುಭವಿಸಿದವರಿಗೇ ಗೊತ್ತು.

ದಾರಿ ತೋರಿಸಿದವಳು ಎದುರುಮನೆ ಹುಡುಗಿ. "ಆಂಟಿ, ಇದಕ್ಕೆ ಒಂದು ಫಾರ್ಮುಲಾನೇ ಇದೆ" ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ ತೋರಿಸಿದಳು. ಜನರೇಟರ್ ಇರುವ ಕಟ್ಟಡದ ಎತ್ತರಕ್ಕೆ, ಜನರೇಟರ್‌ನ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ ಕೂಡಿಸಬೇಕು. ಹೊಗೆಕೊಳವೆ ಕನಿಷ್ಠ ಅಷ್ಟು ಮೀಟರ್ ಎತ್ತರ ಇರಬೇಕು. ಪಕ್ಕದ್ದು 125 ಕೆವಿಎ. ವರ್ಗಮೂಲ ಹನ್ನೊಂದು ಚಿಲ್ಲರೆ. 0.2ರಿಂದ ಗುಣಿಸಿದರೆ ಸುಮಾರು ಎರಡೂಕಾಲು ಮೀಟರ್. ಅಂದರೆ ಕೊಳವೆ ಅವರ ತಾರಸಿಯನ್ನೂ ದಾಟಿ, ಅದರ ಮೇಲೆ ಆಳೆತ್ತರಕ್ಕಿಂತ ಹೆಚ್ಚು ಹೋಗಬೇಕಿತ್ತು. ನಮ್ಮ ಕಿಟಕಿಗೆ ಬಂದು ನಿಂತಿತ್ತು. ಜೀವಮಾನವೆಲ್ಲ ಕರಿಹಲಗೆಯ ಮೇಲೆ ವರ್ಗಮೂಲ ಬರೆದವಳು ನಾನು. ಒಂದು ವರ್ಗಮೂಲಕ್ಕೆ ಒಬ್ಬ ಮನುಷ್ಯನ ಉಸಿರು ಜೋತುಬಿದ್ದದ್ದನ್ನು ಇಷ್ಟು ಹತ್ತಿರದಿಂದ ಕಂಡದ್ದು ಅಂದೇ.

ಅಲ್ಲಿಂದ ಇದು ನನ್ನೊಬ್ಬಳ ಅರ್ಜಿಯಾಗಿ ಉಳಿಯಲಿಲ್ಲ. ಕರೆಂಟ್ ಹೋದ ಸಂಜೆಗಳಲ್ಲಿ ನಾವು ಕೆಲವರು ಸದ್ದು ಹಿಡಿದು ಬೀದಿ ಬೀದಿ ನಡೆದೆವು. ಎಲ್ಲಿ ಜನರೇಟರ್, ಕೊಳವೆ ಎಷ್ಟೆತ್ತರ, ಎದುರಿಗೆ ಯಾರ ಕಿಟಕಿ ಎಂದು ಬರೆದುಕೊಂಡೆವು. ಆಗಲೇ ಕಂಡದ್ದು ಎಷ್ಟು ಕಡೆಯಿಂದ ಡೀಸೆಲ್ ನಮ್ಮೊಳಗೆ ಬರುತ್ತಿದೆ ಎಂದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಹಗಲೂ ರಾತ್ರಿ ನೀರಿನ ಟ್ಯಾಂಕರುಗಳು. ಕೋಣನಕುಂಟೆ ಕ್ರಾಸಿಗೆ 2021ರ ಜನವರಿಯಲ್ಲಿ ಮೆಟ್ರೋ ಬಂದಿತ್ತು, ಆದರೆ ಒಳಬೀದಿಗಳಿಂದ ಅಲ್ಲಿಗೆ ತಲುಪಿಸುವ ಬಸ್ಸು ಸಾಕಷ್ಟಿಲ್ಲದೆ ಎಲ್ಲರೂ ಬೈಕು, ಕಾರು ತೆಗೆಯುತ್ತಿದ್ದರು. ಬಿಎಂಟಿಸಿ 2014ರಲ್ಲೇ ಎಲೆಕ್ಟ್ರಿಕ್ ಬಸ್ಸನ್ನು ಪ್ರಾಯೋಗಿಕವಾಗಿ ಓಡಿಸಿತ್ತು. ನಮ್ಮ ರಸ್ತೆಯಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಡೀಸೆಲ್ ಬಸ್ಸುಗಳೇ. ಗಾಳಿ ಅಳೆಯುವ ಸರ್ಕಾರಿ ಮಾಪಕ ಜಯನಗರ 5ನೇ ಬ್ಲಾಕ್‌ನಲ್ಲಿದೆ, ಬಿಟಿಎಂ ಲೇಔಟ್‌ನಲ್ಲಿದೆ. ಅಲ್ಲಿನ ಅಂಕಿ ನಮ್ಮ ಕಿಟಕಿಯ ಮಾತು ಹೇಳುವುದಿಲ್ಲ.

ಎಲ್ಲರೂ ಒಪ್ಪಿ ಬಂದರು ಅಂತಲ್ಲ. ಮೂಲೆಯ ಇಸ್ತ್ರಿ ಅಂಗಡಿಯವರು, "ಅಮ್ಮ, ನಾಳೆ ನನ್ನ ಇದ್ದಿಲೂ ಬಿಡು ಅಂತೀರಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬಡವನ ಕೈಯ ಕೆಲಸವನ್ನು ಕಿತ್ತುಕೊಂಡು ಗಾಳಿ ಶುದ್ಧ ಮಾಡಹೊರಟವರ ಜೊತೆ ನಾನು ನಿಲ್ಲಲಾರೆ. ಮೊದಲು ದೊಡ್ಡ ಕೊಳವೆಗಳ ಲೆಕ್ಕ ಆಗಲಿ ಎಂದೆ. ಅವರೂ ಸಹಿ ಹಾಕಿದರು.

ಅದಕ್ಕಿಂತ ಕಷ್ಟದ ಪ್ರಶ್ನೆ ಎತ್ತಿದವಳು ಅದೇ ಹುಡುಗಿ. "ಆಂಟಿ, ಜನರೇಟರ್ ನಿಂತಿತು ಅಂತ ಇಟ್ಕೊಳ್ಳಿ. ಆ ಕರೆಂಟ್ ಎಲ್ಲಿಂದ ಬರುತ್ತೆ?" ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, 1,720 ಮೆಗಾವಾಟ್. ಬಳ್ಳಾರಿಯ ಕುಡತಿನಿಯಲ್ಲಿ ಉರಿಯುತ್ತಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಸ್ಥಾವರ ಬೇಡ ಎಂದ ರೈತರ ಮೇಲೆ 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸಿದ್ದರು. ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ಕಾನೂನು ಹೋರಾಟ ಮಾಡಿದ ಮೇಲೆ, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿಯ ಪರಿಸರ ಪರಿಹಾರಕ್ಕೆ ಆದೇಶಿಸಿತು. ಮೈಸೂರಿನ ಬಳಿ ಚಾಮಲಾಪುರದ ರೈತರು ಮಾತ್ರ ಸ್ಥಾವರ ಬರುವ ಮೊದಲೇ ಎದ್ದು ನಿಂತು ಅದನ್ನು ಕೈಬಿಡುವಂತೆ ಮಾಡಿದರು. ಇದನ್ನೆಲ್ಲ ಕೂತು ಓದಿದ ಮೇಲೆ, ನಮ್ಮ ಕಿಟಕಿಯ ಹೊಗೆಯನ್ನು ರಾಯಚೂರಿನವರ ಕಿಟಕಿಗೆ ದಾಟಿಸಿ ಸುಮ್ಮನಾಗುವುದು ನನ್ನಿಂದಾಗಲಿಲ್ಲ. ಅಲ್ಲಿಯೂ ದಿಂಬು ಒರಗಿಸಿಕೊಂಡು ಕೂತಿರುವ ಯಾರೋ ಒಬ್ಬರ ಯಜಮಾನರು ಇದ್ದಾರೆ.

ಹಾಗಾಗಿ ಮನವಿಯನ್ನು ತಿದ್ದಿ ಬರೆದೆವು. ಕೊಳವೆ ಎತ್ತರಿಸಿ ಎನ್ನುವುದು ಅದರಲ್ಲಿ ಮೊದಲ ಮಾತಾಗಿತ್ತೇ ಹೊರತು ಕೊನೆಯದ್ದಲ್ಲ. ಉದ್ದಿಮೆ ಪರವಾನಗಿ ನವೀಕರಿಸುವಾಗಲೇ ಜನರೇಟರನ್ನು ಬಂದು ನೋಡಿ. ವಾರ್ಡಿನ ಕಚೇರಿ, ಶಾಲೆ, ಆರೋಗ್ಯ ಕೇಂದ್ರಗಳ ತಾರಸಿಗೆ ಸೋಲಾರ್ ಹಾಕಿ, ಜೊತೆಗೆ ಬ್ಯಾಟರಿ ಇಡಿ. ಮೆಟ್ರೋ ನಿಲ್ದಾಣಕ್ಕೆ ಎಲೆಕ್ಟ್ರಿಕ್ ಬಸ್ ಓಡಿಸಿ. ಬ್ಯಾಟರಿ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು. ಬ್ಯಾಟರಿ ಇಲ್ಲದ ಸೋಲಾರ್ ಬಿಲ್ಲು ಇಳಿಸುತ್ತದೆ, ಜನರೇಟರನ್ನು ನಿಲ್ಲಿಸುವುದಿಲ್ಲ. ಇದು ಗೊತ್ತಿಲ್ಲದೆ ತಾರಸಿ ತುಂಬ ಪ್ಯಾನಲ್ ಹಾಕಿಸಿ ಕೆಳಗೆ ಡೀಸೆಲ್ ಸುರಿಯುತ್ತಿದ್ದ ಅಪಾರ್ಟ್‌ಮೆಂಟನ್ನು ನಾವೇ ನೋಡಿದೆವು. ನಮ್ಮ ಕೈಗೆ ಬಲ ಕೊಟ್ಟದ್ದು ಪಾಲಿಕೆಯದ್ದೇ ದಾಖಲೆ: 2023ರ ನವೆಂಬರ್ 27ರಂದು ಬಿಬಿಎಂಪಿ ಹೊರತಂದ ಬೆಂಗಳೂರು ಹವಾಮಾನ ಕ್ರಿಯಾ ಯೋಜನೆ. 2050ರ ಹೊತ್ತಿಗೆ ಬೆಂಗಳೂರು ನೆಟ್ ಜೀರೋ ಆಗಬೇಕು ಎಂದು ಅದು ಹೇಳುತ್ತದೆ. ಆ 2050 ನಮ್ಮ ಅಡ್ಡರಸ್ತೆಗೆ ಎಲ್ಲಿಂದ ಶುರುವಾಗುತ್ತದೆ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು.

ಪ್ರಶ್ನೆ ಕೇಳುವುದು ಯಾರನ್ನು? ಬಿಬಿಎಂಪಿಯ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲಿಂದ ನಮಗೆ ಕಾರ್ಪೊರೇಟರ್ ಇರಲಿಲ್ಲ, ನಗರಕ್ಕೆ ಮೇಯರ್ ಇರಲಿಲ್ಲ. 2022ರಲ್ಲಿ ಕೋಲ್ಕತ್ತದ ಮೇಯರ್, ಹೊಸ ಕಲ್ಲಿದ್ದಲು, ತೈಲ, ಅನಿಲ ತೆಗೆಯುವುದನ್ನು ನಿಲ್ಲಿಸುವ ಅಂತರರಾಷ್ಟ್ರೀಯ ಒಪ್ಪಂದ ಆಗಬೇಕೆಂಬ ಕರೆಗೆ ಬೆಂಬಲ ಕೊಟ್ಟರು. ಹುಡುಗಿ ಅದನ್ನು ಓದಿ ಹೇಳಿದಾಗ ನನಗೆ ದುಃಖವಾಯಿತು. ನಮ್ಮಲ್ಲಿ ಆ ಸಹಿ ಹಾಕುವ ಕುರ್ಚಿಯೇ ಖಾಲಿಯಾಗಿತ್ತು. ವಾರ್ಡ್ ಸಮಿತಿ ಸಭೆ ತಿಂಗಳ ಮೊದಲ ಶನಿವಾರ ನಡೆಯಬೇಕೆಂಬ ಕ್ರಮವಿತ್ತು. ನಾವು ಮನವಿ ಹಿಡಿದು ಹೋದರೆ ಒಮ್ಮೆ ಬಾಗಿಲಿಗೆ ಬೀಗ, ಒಮ್ಮೆ ಸಾಹೇಬರು ಬೇರೆ ಮೀಟಿಂಗಿನಲ್ಲಿ. ಸಹನೆ ಕೆಟ್ಟು ಒಂದು ಸಂಜೆ ಜಂಕ್ಷನ್ನಿನಲ್ಲಿ ರಟ್ಟಿನ ಫಲಕ ಹಿಡಿದು ನಿಂತೆವು. ಪೊಲೀಸರು ಬಂದು, ಒರಟಾಗಿ ಏನಲ್ಲ, ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ, 2021ರ ಆದೇಶ ಇದೆ ಎಂದರು. ಸುಬ್ರಹ್ಮಣ್ಯಪುರದ ಹೊಗೆಯನ್ನು, ಫ್ರೀಡಂ ಪಾರ್ಕ್ ಆಗಿರುವ ಹಳೆಯ ಸೆಂಟ್ರಲ್ ಜೈಲಿನ ಆವರಣಕ್ಕೆ ಹೋಗಿ ಹೇಳಬೇಕು. ಉಸಿರಾಡಲಾಗದವರನ್ನು ಅಲ್ಲಿಗೆ ಹೇಗೆ ಕರೆದೊಯ್ಯುವುದು? ಆದರೂ ಒಂದು ದಿನ ಹೋಗಿ ಕೂತು ಬಂದೆವು. ನಮ್ಮ ಜೊತೆಗಿದ್ದ ಒಬ್ಬ ಹಿರಿಯರು, 2016ರ ಅಕ್ಟೋಬರ್ 16ರಂದು ನಗರದಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಕೈಕೈ ಹಿಡಿದು ನಿಂತ ಸರಪಳಿಯಲ್ಲಿ ತಾವೂ ಇದ್ದುದನ್ನು ಅಲ್ಲಿ ನೆನೆದರು. ಮರುವರ್ಷ ಸರ್ಕಾರ ಆ ಯೋಜನೆ ಕೈಬಿಟ್ಟಿತ್ತು. "ಆಗ ರಸ್ತೆ ಪಕ್ಕದಲ್ಲೇ ನಿಲ್ಲಬಹುದಿತ್ತು" ಎಂದರು.

ಕೊನೆಗೂ ಒಂದು ಶನಿವಾರ ಸಭೆ ನಡೆಯಿತು. ಚರಂಡಿ, ಕಸ, ಬೀದಿದೀಪ ಎಲ್ಲ ಮುಗಿದ ಮೇಲೆ ನಮ್ಮ ಸರದಿ. ನಾನು ನಿಯಮ ಓದಿದೆ, ಲೆಕ್ಕ ತೋರಿಸಿದೆ, ಬೀದಿಗಳ ಪಟ್ಟಿ ಕೊಟ್ಟೆ. ನೋಡಲ್ ಅಧಿಕಾರಿ ಪುಟ ತಿರುವುತ್ತಿದ್ದರು. ಆಗ ಚೀಲದಿಂದ ಫಿಲ್ಟರ್ ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಆ ವಾರ ತೊಳೆದಿರಲಿಲ್ಲ. "ಇದೇನಮ್ಮ?" ಎಂದು ಕೈಗೆತ್ತಿಕೊಂಡರು. "ಸಾರ್, ನಮ್ಮ ಯಜಮಾನರು ಉಸಿರಾಡೋ ಯಂತ್ರದ ಫಿಲ್ಟರ್. ಒಂದು ವಾರದ್ದು" ಎಂದೆ. ಅವರು ಕೆಳಗಿಟ್ಟರು. ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪಾಗಿದ್ದವು. ಕರವಸ್ತ್ರ ತೆಗೆದು ಒರೆಸಿಕೊಂಡರು, ಹೋಗಲಿಲ್ಲ. ನನ್ನ ಗಂಟಲು ಕಟ್ಟಿತು, ಮುಂದೆ ಮಾತು ಬರಲಿಲ್ಲ, ಹುಡುಗಿಯೇ ಉಳಿದದ್ದು ಹೇಳಿದಳು. ಆ ಅಧಿಕಾರಿ ಅಂದೇ ಸ್ಥಳ ಪರಿಶೀಲನೆಗೆ ಬರೆದರು. ಮಹಜರು ಆಯಿತು, ನೋಟಿಸ್ ಹೋಯಿತು. ಮಾಲೀಕರು ಒಂದಷ್ಟು ದಿನ ಎಳೆದು, ಆಮೇಲೆ ಕಬ್ಬಿಣದ ಕೊಳವೆಯನ್ನು ತಾರಸಿಯ ಮೇಲಕ್ಕೆ ಏರಿಸಿದರು. ಸದ್ದು ಹಾಗೇ ಉಳಿಯಿತು. ಕಿಟಕಿ ಮಾತ್ರ ತೆರೆಯುವಂತಾಯಿತು. ಇವರು ಮಂಚದಿಂದಲೇ ಆ ಕೊಳವೆಯನ್ನು ನೋಡಿ, "ನಿನ್ನ ಲೆಕ್ಕ ಸರಿ ಬಂತಲ್ಲೇ" ಎಂದರು.

ಇವರು 2025ರ ಜನವರಿಯಲ್ಲಿ ತೀರಿಕೊಂಡರು. ಡೀಸೆಲ್ ಹೊಗೆಯೇ ಕೊಂದಿತು ಎಂದು ನಾನು ಬರೆಯಲಾರೆ, ವೈದ್ಯರು ಹಾಗೆ ಹೇಳಿಲ್ಲ. ಮುದ್ರಣಾಲಯದ ಗಾಳಿ, ವಯಸ್ಸು, ಕಾಯಿಲೆಯ ಸ್ವಭಾವ ಎಲ್ಲವೂ ಸೇರಿತ್ತು. ಆದರೆ ಕೊನೆಯ ಆ ವರ್ಷಗಳಲ್ಲಿ ನೆಮ್ಮದಿಯಾಗಿ ಮಲಗಬಹುದಾಗಿದ್ದ ಎಷ್ಟೋ ರಾತ್ರಿಗಳನ್ನು ಆ ಕೊಳವೆ ಕಿತ್ತುಕೊಂಡಿತು ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾನ್ಸಂಟ್ರೇಟರನ್ನು ಇಟ್ಟಮಡುವಿನ ಒಬ್ಬರಿಗೆ ಕೊಟ್ಟಿದ್ದೇನೆ. ಕೊಡುವಾಗ ಫಿಲ್ಟರ್ ತೊಳೆಯುವುದು ಹೇಗೆಂದು ಹೇಳಿಕೊಟ್ಟೆ, ಅವರ ಮನೆ ಪಕ್ಕ ಜನರೇಟರ್ ಇದೆಯೇ ಎಂದೂ ಕೇಳಿದೆ. ಇದೆ.

ಕೆಲಸ ನಿಂತಿಲ್ಲ. ಪ್ಯಾನಲ್ ಇದ್ದೂ ಡೀಸೆಲ್ ಸುರಿಯುತ್ತಿದ್ದ ಆ ಅಪಾರ್ಟ್‌ಮೆಂಟಿನವರು ಈಗ ಲಿಫ್ಟು, ಪಂಪು, ಮೆಟ್ಟಿಲ ದೀಪಗಳನ್ನು ಬ್ಯಾಟರಿಗೆ ಹಾಕಿಸಿದ್ದಾರೆ. ಜನರೇಟರ್ ಇದೆ, ಅಪರೂಪಕ್ಕೆ ಓಡುತ್ತದೆ. ಇನ್ನೊಂದು ಅಪಾರ್ಟ್‌ಮೆಂಟಿನ ಸಂಘದವರಿಗೆ, ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನ ಇರುವುದನ್ನು ವಿವರಿಸಿ ಬಂದಿದ್ದೇವೆ. ಉದ್ದಿಮೆ ಪರವಾನಗಿಯ ಜೊತೆ ಜನರೇಟರ್ ತಪಾಸಣೆ ಆಗಬೇಕೆಂಬ ಬೇಡಿಕೆ ಇನ್ನೂ ಕಡತದಲ್ಲೇ ಇದೆ. ಅಷ್ಟರಲ್ಲಿ ಬಿಬಿಎಂಪಿಯೇ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಬೋರ್ಡು ಬದಲಾಯಿತು, ಕಡತ ಎಲ್ಲಿಗೆ ಹೋಯಿತೆಂದು ಮತ್ತೆ ವಿಚಾರಿಸಬೇಕಾಯಿತು. ಹೊಸ ಪಾಲಿಕೆಗೆ ಚುನಾವಣೆ ಬಂದು ಅಭ್ಯರ್ಥಿಗಳು ನಮ್ಮ ಅಡ್ಡರಸ್ತೆಗೆ ಕೈಮುಗಿಯುತ್ತಾ ಬಂದಾಗ ಕೇಳಲು ಒಂದು ಹಾಳೆ ಸಿದ್ಧಮಾಡಿದ್ದೇವೆ. ನಿಮ್ಮ ವಾರ್ಡಿನಲ್ಲಿ ಎಷ್ಟು ಜನರೇಟರ್ ಇವೆ ಗೊತ್ತೇ, ಗೆದ್ದರೆ ಮೊದಲ ವರ್ಷ ಯಾವ ಶಾಲೆಯ, ಯಾವ ಆರೋಗ್ಯ ಕೇಂದ್ರದ ತಾರಸಿಗೆ ಸೋಲಾರ್ ಮತ್ತು ಬ್ಯಾಟರಿ ಹಾಕಿಸುತ್ತೀರಿ, ಮೊದಲ ಶನಿವಾರದ ಸಭೆಗೆ ನೀವೇ ಬರುತ್ತೀರಾ. ಉತ್ತರ ಬರೆಯಲು ಕೆಳಗೆ ಜಾಗ ಬಿಟ್ಟಿದ್ದೇವೆ, ಸಹಿಗೂ. ಎದುರುಮನೆ ಹುಡುಗಿ ಈಗ ಕೆಲಸಕ್ಕೆ ಹೋಗುತ್ತಾಳೆ, ಹಾಳೆಯ ಪ್ರತಿಗಳನ್ನು ಅವಳೇ ಮಾಡಿಸಿ ತಂದಿದ್ದಾಳೆ. ಉತ್ತರಹಳ್ಳಿ, ವಸಂತಪುರ, ಇಟ್ಟಮಡುವಿನವರು ಕೇಳಿದರೆ ಅವರಿಗೂ ಕೊಡುತ್ತೇವೆ.